ಗೋಡೆಯಾಚೆಯ ಈಸಪ್ಪ

ನಮ್ಮ ಸೋದರತ್ತೆಗೆ ಸಿಟ್ಟು ಬರುವುದೇ ಇಲ್ಲ. ಬರಬೇಕಾದರೆ ಅದು ಒಮ್ಮೆಯಾದರೂ ಹೋಗಿರಬೇಕಲ್ಲ!

ರಾಮಾಪುರದಲ್ಲಿ ಅಂಗನವಾಡಿ ಟೀಚರಾಗಿದ್ದವರು. ಕೊಳ್ಳೇಗಾಲದ ಬಸ್ಸಿನ ಕಂಡಕ್ಟರುಗಳು ಈಗಲೂ ಇವರನ್ನು ಕಂಡರೆ ತಾವೇ ಎದ್ದು ಸೀಟು ಬಿಡುತ್ತಾರೆ. ಇಂಥವರು ಚರ್ಚಿನವರ ಜೊತೆ ಯೇಸು ಹುಟ್ಟಿದ ನಾಡಿಗೆ ಯಾತ್ರೆ ಹೊರಟಾಗ, ಕಾವಲಿಗೆ ನನ್ನನ್ನೂ ಕಳಿಸಿದರು. ಅತ್ತೆಯನ್ನು ಕಾಯಲು ಅಲ್ಲ, ಅತ್ತೆಯಿಂದ ಉಳಿದವರನ್ನು ಕಾಯಲು.

ವಿಮಾನ ಇಳಿದ ಕೂಡಲೇ ಅಧಿಕಾರಿ, ಯಾಕೆ ಬಂದಿರಿ ಎಂದು ಕೇಳಿದ. ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಕೆಂಡವಾದರು. “ಯಾಕ್ ಬಂದ್ರಿ ಅಂತಾನಲ್ಲ, ಇವ್ನ ಮದ್ವೆ ಊಟಕ್ಕೆ ಬಂದಿದ್ದೀವಾ?”

ಯೊರ್ದಾನ್ ಹೊಳೆಯ ದಡದಲ್ಲಿ ಗೈಡು ಏಳೇ ನಿಮಿಷ ಸಮಯ ಕೊಟ್ಟ. “ಯೇಸುಸ್ವಾಮಿ ಈ ನೀರ್ಗಿಳಿಯಕ್ಕೆ ಮೂವತ್ತು ವರ್ಸ ತಕಂಡ್ರು. ನಂಗೆ ಏಳು ನಿಮಿಷನಾ?” ಎಂದು ಕಲ್ಲಿನ ಮೇಲೆ ಕೂತೇಬಿಟ್ಟರು. ಬಸ್ಸು ಮುಕ್ಕಾಲು ಗಂಟೆ ತಡವಾಯಿತು.

ಬೆತ್ಲೆಹೇಮಿಗೆ ಎತ್ತರದ ಗೋಡೆ ದಾಟಿ ಹೋಗಬೇಕು. ಆ ಗೈಡು ಅಲ್ಲಿಗೆ ಬರುವಂತಿಲ್ಲವಂತೆ. ಆಚೆ ಕಡೆ ಈಸಾ ಎಂಬ ವಯಸ್ಸಾದ ಗೈಡು, ಅದೇ ಊರಿನ ಕ್ರೈಸ್ತ, ನಮಗಾಗಿ ಕಾದಿದ್ದ. ಅತ್ತೆ ಅವನನ್ನು ಆ ಕ್ಷಣವೇ ಈಸಪ್ಪ ಮಾಡಿದರು. ಯೇಸು ಹುಟ್ಟಿದ ಜಾಗವನ್ನು ಅವನು ನಿಧಾನವಾಗಿ, ಮನೆ ತೋರಿಸುವವನಂತೆ ತೋರಿಸಿದ. ಕೊನೆಗೆ ಅತ್ತೆ ನನ್ನ ಮೂಲಕ, ಜೆರೂಸಲೇಮಿಗೂ ನೀನೇ ಬರುತ್ತೀಯಾ ಎಂದು ಕೇಳಿಸಿದರು.

“ಅರ್ಧ ಗಂಟೆ ದಾರಿ. ನಾನು ಅಲ್ಲಿನ ಯೇಸುವಿನ ಸಮಾಧಿ ನೋಡಿ ಒಂಬತ್ತು ವರ್ಷವಾಯಿತು. ಗೋಡೆ ದಾಟುವ ಪರ್ಮಿಟ್ಟು ಸಿಗುತ್ತಿಲ್ಲ” ಎಂದ.

“ರಾಮಾಪುರ್ದಿಂದ ಬಂದ ನನ್ನ ಬಿಡ್ತಾರೆ, ಗೋಡೆ ಪಕ್ಕದೋನ್ನ ಬಿಡಲ್ವಾ? ಇದ್ಯಾವ ನ್ಯಾಯ ಕಣ್ಲಾ?”

ಅದನ್ನೇ ಅತ್ತೆ ವಾಪಸು ಬರುವಾಗ ಗೋಡೆಯ ಬಳಿ ತಪಾಸಣೆಯ ಹುಡುಗಿಯನ್ನೂ ಕನ್ನಡದಲ್ಲೇ ಕೇಳಿದರು. ಬಂದೂಕು ಹೊತ್ತ ಆ ಹುಡುಗಿ ಪಾಸ್‌ಪೋರ್ಟ್ ಹಿಂತಿರುಗಿಸಿ, ನಿಮಗೆ ಒಳ್ಳೆಯದಾಗಲಿ ಎಂದು ನಕ್ಕಳು. ನಾನು ಅರ್ಥ ಹೇಳಿದೆ. “ನಂಗ್ಯಾಕವ್ವ ಆ ಮಾತು? ಆಚೆಗಿರೋ ಈಸಪ್ಪನಿಗೆ ಓಗಿ ಯೋಳು” ಎಂದರು.

ಮರುದಿನ ಯೇಸುವಿನ ಸಮಾಧಿಯ ಮುಂದೆ ಎರಡು ಗಂಟೆ ಸಾಲು. ಒಳಗೆ ಮೊಣಕಾಲೂರಲು ಅರ್ಧ ನಿಮಿಷ. ಚಪ್ಪಾಳೆ ತಟ್ಟಿ ಎಬ್ಬಿಸುವ ಪಾದ್ರಿಯ ಗತಿ ಏನಾಗುವುದೋ ಎಂದು ಹೊರಗೆ ನಿಂತು ಹೆದರಿದ್ದೆ. ಅತ್ತೆ ಸುಮ್ಮನೆ ಬಗ್ಗಿ ಹೊರಗೆ ಬಂದರು.

“ಏನು ಬೇಡಿಕೊಂಡ್ರಿ ಅತ್ತೆ?”

“ನಂದು ಬೇಡ್ಕಳಕ್ಕೆ ಟೈಮೇ ಆಗ್ನಿಲ್ಲ ಕಣಪ್ಪ. ‘ಸ್ವಾಮಿ, ಈಸಪ್ಪ ಬಂದವ್ನೆ’ ಅಂದೆ. ಅಷ್ಟ್ರಲ್ಲಿ ಎಬ್ಬಿಸ್ಬುಟ್ರು.”