ಕಾಲರಿನ ಮೈಕು, ಸೊಂಟದ ವಾಕಿಟಾಕಿ

ನನಗೆ 'ಆಗಲ್ಲ' ಎನ್ನಲು ಬರುವುದಿಲ್ಲ. ಕನ್ನಡದಲ್ಲೇ ಬಾರದ ಮಾತು ಜಪಾನಿಗೆ ಬಂದ ಮೇಲೆ ಬಂದೀತೆಂದು ನಂಬುವುದೂ ತಪ್ಪು. ಇಲ್ಲಿಯವರು ಬೇಡ ಎನ್ನಬೇಕಾದಾಗ 'ಚೊತ್ತೋ...' ಎಂದು ಶುರುಮಾಡಿ, ಹಲ್ಲಿನ ಸಂದಿಯಿಂದ ಒಂದಿಷ್ಟು ಗಾಳಿ ಒಳಗೆಳೆದುಕೊಂಡು, ಉಳಿದದ್ದನ್ನು ಎದುರಿನವರ ಊಹೆಗೆ ಬಿಡುತ್ತಾರೆ. 'ಸ್ವಲ್ಪ...' ಎಂದಷ್ಟೇ ಅದರ ಅರ್ಥ. ಸ್ವಲ್ಪ ಏನು ಎಂದು ಯಾರೂ ಕೇಳುವುದಿಲ್ಲ. ನಾನೂ ಅದನ್ನು ಕಲಿತೆ. ಆದರೆ ಗಾಳಿ ಎಳೆಯುವಾಗ ನನ್ನ ಮುಖ ತಾನಾಗಿ ನಗುತ್ತದೆ, ಎದುರಿನವರು ಅದನ್ನು ಒಪ್ಪಿಗೆ ಎಂದುಕೊಳ್ಳುತ್ತಾರೆ. ಸಗಮಿಹಾರಾದಲ್ಲಿ ನಮ್ಮ ಬಡಾವಣೆಯ ಸಂಘದ ಅಧ್ಯಕ್ಷರಾದ ಮೊರಿತಾ ಸಾನ್, ಅಂದರೆ ಮೊರಿತಾ ಅವರು, ಒಂದು ಸಂಜೆ ಬಾಗಿಲಿಗೆ ಬಂದು, ಭೂಕಂಪದ ಅಣಕು ಕವಾಯತಿನಲ್ಲಿ ವಾಕಿಟಾಕಿ ಹಿಡಿಯುವ ಕೆಲಸ ನನಗೆ ವಹಿಸಿದ್ದು ಹೀಗೆಯೇ. ನಾನು 'ಚೊತ್ತೋ' ಎಂದೆ. ಅವರು ಬಗ್ಗಿ 'ಅರಿಗಾತೋ' ಎಂದು ಧನ್ಯವಾದ ಹೇಳಿದರು. ಸಾಲದ್ದಕ್ಕೆ ನನ್ನ ಹೆಂಡತಿ ಸುಮಾ, "ನಮ್ಮವರು ಎಂಜಿನಿಯರು, ಅವರಿಗೆ ಇದೆಲ್ಲ ಸಲೀಸು" ಎಂದು ಒಳಗಿನಿಂದ ಕೂಗಿದಳು.

ಎಂಜಿನಿಯರು ಎಂಬುದು ಸುಳ್ಳಲ್ಲ. ಕಾರುಗಳೊಳಗೆ ಓಡುವ ವೈರುಗಳ ತುದಿಗಳು ಒಂದಕ್ಕೊಂದು ಕೂಡುವ ಜಾಗ ಸಡಿಲವಾಗದಂತೆ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಮದುವೆಗೆ ಮುಂಚೆ ನನ್ನ ಮಾವನವರಿಗೆ ಇದನ್ನು ಬಹಳ ಹೊತ್ತು ವಿವರಿಸಿದ್ದೆ. ಅವರು ತಾಳ್ಮೆಯಿಂದ ಕೇಳಿ, "ಅಂದ್ರೆ ಪ್ಲಗ್ ಹಾಕೋ ಕೆಲಸಾನಾ?" ಎಂದಿದ್ದರು. ಇಷ್ಟು ವರ್ಷವಾದರೂ ಅದಕ್ಕಿಂತ ಒಳ್ಳೆಯ ವಿವರಣೆ ನನಗೆ ಹೊಳೆದಿಲ್ಲ.

ಕೊಟ್ಟ ಸಾಮಾನು ಸರಳವಾಗಿಯೇ ಇತ್ತು. ವಾಕಿಟಾಕಿ ಸೊಂಟದ ಬೆಲ್ಟಿಗೆ, ಗುಂಡಿ ಒತ್ತಿ ಮಾತಾಡುವ ಪುಟ್ಟ ಮೈಕು ಕಾಲರಿಗೆ, ಎರಡರ ನಡುವೆ ಒಂದು ವೈರು. ಆ ವೈರಿನ ತುದಿಯ ಪಿನ್ನು ವಾಕಿಟಾಕಿಯ ತೂತಿನಲ್ಲಿ ಕೂತಿರಬೇಕು, ಅಷ್ಟೆ. ನಾನು ನೆಟ್ಟಗೆ ನಿಂತರೆ ಅದು ಕೂತಿರುತ್ತಿತ್ತು. ಬಗ್ಗಿದೆನೋ, ಹೊಟ್ಟೆ ಮುಂದೆ ಬಂದು ವೈರನ್ನು ಜಗ್ಗಿ ಪಿನ್ನು ಕಳಚುತ್ತಿತ್ತು. ಬೇರೆ ದೇಶವಾಗಿದ್ದರೆ ಬಗ್ಗದೆ ಕಾಲ ಹಾಕಬಹುದಿತ್ತು. ಜಪಾನಿನಲ್ಲಿ ಅದು ಆಗದ ಮಾತು. ಲಿಫ್ಟಿನಲ್ಲಿ ಬಗ್ಗಬೇಕು, 'ಕೊಂಬಿನಿ' ಎಂಬ ಮೂಲೆಯಂಗಡಿಯಲ್ಲಿ ಹಾಲಿನ ಡಬ್ಬಿ ಕೊಂಡು ಹೊರಡುವಾಗ ಬಗ್ಗಬೇಕು, ಫೋನಿನಲ್ಲಿ ಮಾತಾಡುತ್ತ ಕಾಣದವರಿಗೂ ಬಗ್ಗಬೇಕು. ರಬ್ಬರ್ ಬ್ಯಾಂಡ್ ಸುತ್ತಿದೆ, ಜಾರಿತು. ಟೇಪು ಅಂಟಿಸಿದೆ, ಬೆವರಿಗೆ ಬಿಟ್ಟುಕೊಂಡಿತು. ಸುಮಾಳ ಹೇರ್‌ಕ್ಲಿಪ್ ಸಿಕ್ಕಿಸಿದೆ. "ಅದನ್ನ ಇಲ್ಲಿ ಕೊಡಿ," ಎಂದಳು, "ನನ್ನ ಕೂದಲನ್ನೇ ನೆಟ್ಟಗೆ ಹಿಡಿಯಲ್ಲ, ನಿಮ್ಮ ಪಿನ್ ಹಿಡಿಯತ್ತಾ?" ಸಾಕಪ್ಪಾ ಎನಿಸಿ, ಪಿನ್ನನ್ನು ಹೆಬ್ಬೆರಳಿನಿಂದ ಒತ್ತಿ ಒಳಗೆ ಕೂರಿಸಿ, ದೇವರ ಮೇಲೆ ಭಾರ ಹಾಕಿ ಕವಾಯತಿಗೆ ಹೋದೆ.

ಆ ಭಾನುವಾರ ವಿಪರೀತ ಸೆಕೆ. ನನ್ನ ಜಾಗ ಪಾರ್ಕಿನ ಮೂಲೆ. ಜೊತೆಗೆ ಸ್ಟ್ರೆಚರ್ ಹೊರಲು ನಮ್ಮ ಕಂಪನಿಯವನೇ ಆದ, ಮೈಸೂರಿನ ಪ್ರಸನ್ನ. ಎಲ್ಲಾದರೂ ಯಾರಾದರೂ ಬಿದ್ದರೆಂದು ವಾಕಿಟಾಕಿಯಲ್ಲಿ ಸುದ್ದಿ ಬಂದರೆ ನಾವಿಬ್ಬರು ಓಡಬೇಕು. ಸುದ್ದಿ ಬರಲಿಲ್ಲ. ದಾರಿಯಲ್ಲಿ ಹೋದವರಿಗೆಲ್ಲ ಬಗ್ಗಿ ಬಗ್ಗಿ ಬೆನ್ನು ಸೋತಿತ್ತು. ಹತ್ತಿರ ಕನ್ನಡದ ಕಿವಿಯೊಂದು ಇದ್ದುದರಿಂದ ಮನಸ್ಸು ಬಿಚ್ಚಿಕೊಂಡಿತು.

"ವಾರಕ್ಕೊಂದೇ ಭಾನುವಾರ ಕಣೋ," ಎಂದೆ. "ಈ ಮೊರಿತಾ ಸಾನ್ ತಾವೂ ಮಲಗಲ್ಲ, ಬೇರೆಯವರನ್ನೂ ಮಲಗಕ್ಕೆ ಬಿಡಲ್ಲ. ಬೆಳಿಗ್ಗೆ ದೋಸೆ ಇಲ್ಲ, ಮಧ್ಯಾಹ್ನ ನಿದ್ದೆ ಇಲ್ಲ. ನಿಜವಾದ ಭೂಕಂಪ ಆದ್ರೂ ಇಷ್ಟು ಸುಸ್ತಾಗಲ್ವೇನೋ. ನಮ್ಮನೆಯವಳಿಗೇನು, ಒಳಗಡೆಯಿಂದ ಎಂಜಿನಿಯರ್ ಅಂತ ಕೂಗಿಬಿಟ್ಟು ಆರಾಮಾಗಿದಾಳೆ."

ಪ್ರಸನ್ನ ಒಳ್ಳೆಯ ಹುಡುಗ. ನಡುನಡುವೆ "ಹೂಂ ಸರ್" ಎನ್ನುತ್ತಿದ್ದ. ನಾನು ಮುಂದುವರಿದೆ. ಆಫೀಸು, ರೈಲಿನ ನೂಕಾಟ, ಇಲ್ಲಿಯ ಬೆಂಡೆಕಾಯಿ, ಒಂದನ್ನೂ ಬಿಡಲಿಲ್ಲ.

ಆಗ, ಸಂಘದವರು ಹಾಕಿದ್ದ ಡೇರೆಯಲ್ಲಿ ಕೂತಿದ್ದ ಸುಮಾ ಓಡಿ ಬಂದಳು. ಅವಳು ಓಡಿದ್ದನ್ನು ನಾನು ನೋಡಿದ್ದೇ ಅಪರೂಪ. "ರೀ, ಬಾಯಿ ಮುಚ್ಕೊಳ್ಳಿ! ನೀವು ಹೇಳ್ತಿರೋದೆಲ್ಲ ಪ್ರತಿಯೊಂದು ವಾಕಿಟಾಕಿಯಲ್ಲೂ ಬರ್ತಿದೆ!" ಎಂದು, ನನ್ನ ಸೊಂಟಕ್ಕೆ ಕೈ ಹಾಕಿ ವೈರನ್ನು ಕಿತ್ತಳು. ನಾನು ಬಗ್ಗಿ ಬಗ್ಗಿ ಪಿನ್ನು ಅರ್ಧ ಮಾತ್ರ ಕಳಚಿಕೊಂಡು, ಗುಂಡಿ ಒತ್ತಿ ಹಿಡಿದಂತೆಯೇ ಆಗಿ, ನನ್ನ ಗೊಣಗಾಟ ಅಷ್ಟು ಹೊತ್ತೂ ಹೊರಗೆ ಹರಿಯುತ್ತಿತ್ತು. ನನ್ನ ಮಾತು ಹೋಗುವಷ್ಟು ಹೊತ್ತು ಬೇರೆ ಯಾರ ಮಾತೂ ಬರುವಂತಿರಲಿಲ್ಲ.

ಅವಳು ಕಿತ್ತ ಮರುಕ್ಷಣವೇ ಸೊಂಟದಿಂದ ಒಂದು ಗಾಬರಿಯ ದನಿ ಕೇಳಿತು. ಮೆಟ್ಟಿಲುಗಳ ಹತ್ತಿರ ಹಯಾಷಿ ಸಾನ್ ತಲೆ ತಿರುಗಿ ಕುಸಿದಿದ್ದಾರೆ, ಇದು ಕವಾಯತಲ್ಲ, ಆಗಿನಿಂದ ಕರೆಯುತ್ತಿದ್ದೇವೆ, ಯಾರಾದರೂ ಬನ್ನಿ. ಹಯಾಷಿ ಸಾನ್ ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬರೇ ಇರುವ ಅಜ್ಜಿ. ನಾನೂ ಪ್ರಸನ್ನನೂ ಸ್ಟ್ರೆಚರ್ ಎತ್ತಿಕೊಂಡು ಓಡಿದೆವು. ಬೆಂಡೆಕಾಯಿ ಎಳಸಾಗಿಲ್ಲ ಎಂದು ನಾನು ಹೇಳುತ್ತಿದ್ದಾಗ ಅವರು ಬಿಸಿಲಿನಲ್ಲಿ ಬಿದ್ದಿದ್ದರು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಪುಣ್ಯಕ್ಕೆ, ಅಷ್ಟರಲ್ಲಿ ಅಕ್ಕಪಕ್ಕದವರು ಅವರನ್ನು ನೆರಳಿಗೆ ಕೂರಿಸಿ ತಣ್ಣಗಿನ ಬಾರ್ಲಿ ಚಹಾ ಕುಡಿಸಿದ್ದರು. ಮುಖಕ್ಕೆ ರಕ್ತ ಮರಳಿತ್ತು. ನಾನು ಎಲ್ಲರಿಗೂ ಬಗ್ಗಿ 'ಸುಮಿಮಾಸೆನ್' ಎಂದು ಕ್ಷಮೆ ಕೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಮೊರಿತಾ ಸಾನ್ ಮಾತ್ರ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು, ಕಣ್ಣು ತೇವವಾಗಿತ್ತು. ಏಕೆಂದು ತಿಳಿದದ್ದು ಮನೆಗೆ ಬಂದ ಮೇಲೆ.

"ಡೇರೆಯಲ್ಲಿ ಅವರು ಪಕ್ಕದಲ್ಲೇ ಕೂತಿದ್ರು. ನಿಮ್ಮ ಗಂಡ ಏನು ಹೇಳ್ತಿದಾರೆ ಅಂತ ಕೇಳಿದ್ರು," ಎಂದಳು ಸುಮಾ. "ಏನು ಹೇಳಲಿ? ಬಡಾವಣೆಯವರೆಲ್ಲ ಕ್ಷೇಮವಾಗಿರಲಿ ಅಂತ ಪ್ರಾರ್ಥನೆ ಮಾಡ್ತಿದಾರೆ ಅಂದೆ. ನನ್ನ ಹೆಸರೂ ಬಂತಲ್ಲ ಅಂದ್ರು. ಹೆಸರು ಹಿಡಿದು ಪ್ರಾರ್ಥಿಸೋದು ನಮ್ಮ ಪದ್ಧತಿ ಅಂದೆ."

ಆ ಸಂಜೆ ವೈರನ್ನು ಪಿನ್ನಿನ ಹತ್ತಿರ ಒಂದು ಸುತ್ತು ಸಡಿಲ ಬಿಟ್ಟು ಬೆಲ್ಟಿಗೆ ಬಿಗಿದು ಕಟ್ಟಿದೆ. ಇನ್ನು ಎಷ್ಟು ಜಗ್ಗಿದರೂ ಎಳೆತ ಬೆಲ್ಟಿಗೇ, ಪಿನ್ನಿಗಲ್ಲ. ಕನ್ನಡಿಯ ಮುಂದೆ ಮತ್ತೆ ಮತ್ತೆ ಬಗ್ಗಿ ನೋಡಿದೆ, ಅಲುಗಲಿಲ್ಲ. ಕಾರುಗಳಿಗೆ ನಾನು ದಿನಾ ಮಾಡುವುದು ಇದನ್ನೇ. ನನಗೆ ಸಂಬಳ ಬರುವುದೂ ಇದಕ್ಕೇ.

ಮುಂದಿನ ಶನಿವಾರ ಸಿಹಿಯ ಪೆಟ್ಟಿಗೆ ಹಿಡಿದು ಇಬ್ಬರೂ ಹಯಾಷಿ ಸಾನ್ ಮನೆಗೆ ಕ್ಷಮೆ ಕೇಳಲು ಹೋದೆವು. ನಿಜ ಹೇಳಿಬಿಡಬೇಕೆಂದೇ ಹೋಗಿದ್ದೆ. ಅವರು ನನ್ನನ್ನು ಕಂಡವರೇ ಕೈಮುಗಿದರು.

"ಪಕ್ಕದವರ ವಾಕಿಟಾಕಿಯಲ್ಲಿ ನಿಮ್ಮ ಮಂತ್ರ ಕೇಳಿಸುತ್ತಿತ್ತು," ಎಂದರು. "ಅರ್ಥ ಆಗಲಿಲ್ಲ, ನಮಗಾಗಿ ಮಾಡಿದ ಪ್ರಾರ್ಥನೆ ಎಂದು ಮೊರಿತಾ ಸಾನ್ ಆಮೇಲೆ ಎಲ್ಲರಿಗೂ ಹೇಳಿದರು. ಆದರೆ ಅದನ್ನು ಕೇಳುತ್ತ ಎದೆಬಡಿತ ತಾನಾಗಿ ನಿಧಾನವಾಯಿತು. ಇನ್ನೊಂದು ಸಲ ಹೇಳುತ್ತೀರಾ?"

ಸುಮಾ ಚಾಪೆಯ ಅಂಚನ್ನು ನೋಡುತ್ತಿದ್ದಳು. ಕಣ್ಣು ಮುಚ್ಚಿ ಕೂತ ಅಜ್ಜಿಯ ಮುಂದೆ ನಿಜ ಬಾಯಿಂದ ಹೊರಡಲಿಲ್ಲ. ಚಿಕ್ಕಂದಿನಲ್ಲಿ ಕಲಿತ ಗಣಪತಿ ಶ್ಲೋಕವೊಂದನ್ನು ತಡವರಿಸದೆ ಹೇಳಿ ಮುಗಿಸಿದೆ. ಅವರು ಕಣ್ಣು ತೆರೆದರು. ನನಗೆ ನೋವಾಗದಂತೆ ಹೇಳಿದರು.

"ಇದೂ ಚೆನ್ನಾಗಿದೆ. ಆದರೆ ಅವತ್ತಿನದರಲ್ಲಿ ಭಕ್ತಿ ಹೆಚ್ಚಿತ್ತು."

ಸುಮಾಳಿಗೆ ಅದೆಲ್ಲಿಂದಲೋ ಕೆಮ್ಮು ಬಂತು. ಹೊರಗೆ ಬಂದು ಬೀದಿಯ ತಿರುವು ದಾಟುವವರೆಗೂ ಅದು ನಿಲ್ಲಲಿಲ್ಲ. "ಭಕ್ತಿ ಇರ್ದೆ ಏನು," ಎಂದಳು ಕಣ್ಣೊರೆಸಿಕೊಳ್ಳುತ್ತ, "ಮನಸಾರೆ ಬೈತಿದ್ರಲ್ಲ." ನಾನು ಬೇಗ ಬೇಗ ಹೆಜ್ಜೆ ಹಾಕಿದೆ. ಬಾಯಿ ತೆರೆದಿದ್ದರೆ ಗೊಣಗಾಟವೇ ಬರುತ್ತಿತ್ತು. ಎದುರಿನಿಂದ ಇಬ್ಬರು ಅಜ್ಜಿಯರು ನಡೆದು ಬರುತ್ತಿದ್ದರು, ಅವರೂ ನಿಂತು ಕೈಮುಗಿದುಬಿಟ್ಟರೆ ಎಂದು ಭಯವಾಯಿತು.