ನಂಬರಿನ ಗಾಗಲ್ಲೂ ನಮ್ಮ ಮಾವನೂ

ನಮ್ಮ ಮನೆಯವರ ಸೋದರಮಾವನ ಜತೆ ಅಂಗಡಿಗೆ ಹೋಗುವವರು ಮನೆಯಲ್ಲೇ ಊಟ ಮುಗಿಸಿ ಹೊರಡುವುದು ಒಳ್ಳೆಯದು. ಹೊರಡುವುದು ಬೆಳಿಗ್ಗೆ, ಒಂದು ಟಾರ್ಚು ಕೊಳ್ಳುವುದಕ್ಕೇ ಇರಬಹುದು. ವಾಪಸು ಬರುವ ಹೊತ್ತಿಗೆ ದಾರಿ ಕಾಣಲು ಆ ಟಾರ್ಚು ಬೇಕೇ ಬೇಕಾಗುತ್ತದೆ!

ಮಾವ ಧಾರವಾಡ ಕಡೆಯವರು. ಮುಂಬಯಿ ಬಳಿಯ ಅಂಬರನಾಥದ ಒಂದು ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ತಪಾಸಣೆ ಮಾಡಿ ಪಾಸು ಮಾಡುವ ಕೆಲಸದಲ್ಲಿದ್ದು, ನಿವೃತ್ತರಾಗಿ ಕಲ್ಯಾಣದಲ್ಲೇ ನೆಲೆಸಿದವರು. ಕಾರ್ಖಾನೆ ಅವರನ್ನು ಬಿಟ್ಟಿತು, ಅವರು ತಪಾಸಣೆಯನ್ನು ಬಿಡಲಿಲ್ಲ. ಛತ್ರಿ ಕೊಳ್ಳುವಾಗ ಅಂಗಡಿಯವನಿಂದಲೇ ಅದರ ಮೇಲೆ ನೀರು ಸುರಿಸಿ ತಾವು ಅಡಿಯಲ್ಲಿ ನಿಲ್ಲುವರು. ಪ್ಲಾಸ್ಟಿಕ್ ಸ್ಟೂಲು ಕೊಳ್ಳುವಾಗ ತಾವು ಹತ್ತಿ ನಿಂತದ್ದು ಸಾಲದೆಂದು ಅಂಗಡಿಯ ಯಜಮಾನನನ್ನೂ ಹತ್ತಿಸಿದ್ದರಂತೆ. ಕಲ್ಯಾಣದ ಸ್ಟೇಷನ್ ರಸ್ತೆಯಲ್ಲಿ ಅವರು ಬರುವುದು ಕಂಡರೆ ಕೆಲವು ಅಂಗಡಿಗಳವರು ಊಟದ ವಿರಾಮ ತೆಗೆದುಕೊಳ್ಳುತ್ತಾರೆ ಎಂದು ನಮ್ಮವರು ಹೇಳುತ್ತಾರೆ. ನಾನು ಪೂರ್ತಿ ನಂಬುವುದಿಲ್ಲ. ಪೂರ್ತಿ ಅಲ್ಲಗಳೆಯುವುದೂ ಇಲ್ಲ.

ಇಂಥವರ ಕೈಗೆ ನನ್ನ ಮಗಳ ಕಣ್ಣು ಸಿಕ್ಕಿತು ನೋಡಿ!

ಆಗ ಅವಳು ನಾಲ್ಕನೆಯ ಕ್ಲಾಸು. ಹುಟ್ಟಿ ಬೆಳೆದದ್ದೆಲ್ಲ ಠಾಣೆಯ ವರ್ತಕ ನಗರದಲ್ಲಿ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ. ಚಿಕ್ಕಂದಿನಿಂದ ದಪ್ಪ ಕನ್ನಡಕ. ಅದನ್ನು ತೆಗೆದರೆ ಅಮ್ಮನಿಗೂ ಅಲಮಾರಿಗೂ ವ್ಯತ್ಯಾಸ ಗೊತ್ತಾಗದು. ಬೇಸಿಗೆ ರಜೆಗೆಂದು ಅವಳನ್ನು ಈಜಿನ ಕ್ಲಾಸಿಗೆ ಹಾಕಿದೆ. ಮೊದಲ ದಿನಗಳಲ್ಲಿ ಕುಣಿಯುತ್ತಾ ಹೋದವಳಿಗೆ ಆಮೇಲೆ ದಿನಾ ಹೊಟ್ಟೆನೋವು. ಕೋಚನ್ನು ಕೇಳಿದರೆ, ಹುಡುಗಿಗೆ ಗಮನವೇ ಇಲ್ಲ, ಕೈಸನ್ನೆ ಮಾಡಿದರೆ ಎತ್ತಲೋ ಹೋಗುತ್ತಾಳೆ ಎಂದರು. ಒಂದು ದಿನ ನೀರಿನಿಂದ ಮೇಲೆ ಬಂದವಳು, ನಾನೇ ಎಂದುಕೊಂಡು, ಯಾರೋ ಹೆಂಗಸಿನ ಸೊಂಟ ತಬ್ಬಿ ಟವೆಲು ಕೇಳಿದಳಂತೆ. ಮಕ್ಕಳೆಲ್ಲ ನಕ್ಕರು. ಮರುದಿನದಿಂದ ಹೊಟ್ಟೆನೋವು ಖಾಯಂ ಆಯಿತು.

ಆ ಭಾನುವಾರ ಬಂದ ಮಾವನಿಗೆ, ಮಗಳಿಗೆ ನೀರೆಂದರೆ ಭಯ, ಕ್ಲಾಸು ಬಿಡಿಸಿಬಿಡುತ್ತೇನೆ ಎಂದೆ. ಅವರು ಅವಳ ಕನ್ನಡಕ ತೆಗೆಸಿ, ಬೆರಳು ತೋರಿಸುತ್ತಾ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದರು. ಸೋಫಾ ದಾಟುವುದಕ್ಕೆ ಮುಂಚೆಯೇ ಅವಳು ತಪ್ಪು ಎಣಿಸಿದಳು.

“ಹುಡುಗಿಗೆ ನೀರಿನ ಅಂಜಿಕಿ ಇಲ್ಲವ್ವಾ. ಕಾಣಂಗಿಲ್ಲ, ಅಷ್ಟ,” ಎಂದರು. “ನಿನ್ನ ಕಣ್ಣು ಕಟ್ಟಿ ಲೋಕಲ್ ಗಾಡ್ಯಾಗ ತುಂಬಿದ್ರ ನೀ ಹೋಗತಿಯೇನು?”

ಕಾಂಟ್ಯಾಕ್ಟ್ ಲೆನ್ಸ್ ಹಾಕಿಸೋಣವೇ ಎಂದು ಕಣ್ಣಿನ ಡಾಕ್ಟರನ್ನು ಕೇಳಿದೆ. ಈಜುಕೊಳದಲ್ಲಿ ಅದು ಬೇಡವೇ ಬೇಡ, ಈಜುವಾಗ ಹಾಕಲು ಕನ್ನಡಕದ ನಂಬರೇ ಇರುವ ಗಾಗಲ್ಸ್ ಸಿಗುತ್ತದೆ, ಅದನ್ನು ಕೊಡಿಸಿ ಎಂದರು. ಹಾಗೊಂದು ವಸ್ತು ಜಗತ್ತಿನಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮಾವನಿಗೂ ಗೊತ್ತಿರಲಿಲ್ಲ. ಆದರೆ ತಪಾಸಣೆಗೆ ಹೊಸ ಮಾಲು ಸಿಕ್ಕಿತೆಂದು ಅವರ ಮುಖ ಅರಳಿತು.

ಠಾಣೆ ಸ್ಟೇಷನ್ ಹತ್ತಿರದ ಕನ್ನಡಕದಂಗಡಿಗೆ ಮೂವರೂ ಹೋದೆವು. ಅಂಗಡಿಯವನು ಮರಾಠಿಯವನು, ತಾಳ್ಮೆಯವನು. ಇಂಥ ಗಾಗಲ್ಸಿನ ಗಾಜುಗಳು ಅರ್ಧರ್ಧ ನಂಬರಿನ ಅಂತರದಲ್ಲಿ ಸಿದ್ಧವಾಗಿಯೇ ಬರುತ್ತವೆ, ಎರಡು ಕಣ್ಣಿಗೆ ಬೇರೆ ಬೇರೆ ನಂಬರಿದ್ದರೆ ಬೇರೆ ಬೇರೆ ಗಾಜು ಆರಿಸಿ ಜೋಡಿಸಬಹುದು ಎಂದು ವಿವರಿಸಿದ. ಆಮೇಲೆ ಒಂದು ಮಾತು ಹೇಳಿ ಕೆಟ್ಟ. ಪಟ್ಟಿ ಹಾಕದೆ ಬರೀ ಕಣ್ಣಿಗೆ ಒತ್ತಿದಾಗ ಗಾಗಲ್ಸು ಒಂದು ಗಳಿಗೆ ಅಂಟಿಕೊಂಡು ನಿಂತರೆ ಅಳತೆ ಸರಿ, ಬಿದ್ದರೆ ನೀರು ಒಳಗೆ ನುಗ್ಗುತ್ತದೆ ಎಂದ.

ಪರೀಕ್ಷೆ ಎಂಬುದು ಮಾವನ ಕಿವಿಗೆ ಬಿತ್ತು! ದೊಡ್ಡವರದೊಂದು ಗಾಗಲ್ಸು ಎತ್ತಿ ತಮ್ಮ ಕಣ್ಣಿಗೇ ಬಲವಾಗಿ ಒತ್ತಿಕೊಂಡರು. ಅಂಟಿತು. ತಲೆ ಕುಣಿಸಿದರು, ಬಗ್ಗಿದರು, ಅಂಗಡಿಯಲ್ಲಿ ಅಡ್ಡಾಡಿದರು. ಬೀಳಲಿಲ್ಲ. ಕೊನೆಗೆ ಅಂಗಡಿಯವನೇ ಉಗುರು ಹಾಕಿ ಬಿಡಿಸಬೇಕಾಯಿತು. ಕಣ್ಣ ಸುತ್ತ ಮೂಡಿದ ಎರಡು ಕೆಂಪು ಬಳೆಗಳನ್ನು ಹೊತ್ತೇ ಅವರು ಅಂದು ಕಲ್ಯಾಣದ ಗಾಡಿ ಹತ್ತಿದ್ದು.

ಮಗಳಿಗೆ ಮೊದಲನೆಯದು ಬಿತ್ತು, ಎರಡನೆಯದೂ ಬಿತ್ತು. ಎರಡು ಗಾಜುಗಳನ್ನು ಜೋಡಿಸುವ ಮೂಗಿನ ಮೇಲಿನ ಸೇತುವೆ ಬದಲಾಯಿಸಿದ ಮೇಲೆ ನಿಂತಿತು. ಮಾವನಿಗೆ ಅದೂ ಸಾಲದು. ನಗು ಎಂದರು, ಗಲ್ಲ ಉಬ್ಬಿಸು ಎಂದರು, ಆಕಳಿಸು ಎಂದರು. ಒಂದು ಬಕೆಟ್ ನೀರು ತರಿಸು ಎಂದಾಗ ಅಂಗಡಿಯವನ ತಾಳ್ಮೆ ಸ್ವಲ್ಪ ಅಲುಗಿತು.

“ಕಾಕಾ, ಗಾಗಲ್ ಲೇನಾ ಹೈ ಯಾ ಪನ್‌ಡುಬ್ಬಿ?” ಎಂದ. ನೀವು ಕೊಳ್ಳುವುದು ಗಾಗಲ್ಲೋ ಜಲಾಂತರ್ಗಾಮಿಯೋ ಎಂದು!

ನೀರು ಸಿಗದಿದ್ದರೇನು? ಅವಳನ್ನು ಬಾಗಿಲಿಗೆ ಕರೆದೊಯ್ದು, ಗಾಗಲ್ಸ್ ಹಾಕಿಸಿ, ರಸ್ತೆಯಲ್ಲಿ ಹೋಗುವ ಬಸ್ಸುಗಳ ಬೋರ್ಡು ಓದಿಸತೊಡಗಿದರು. ಅವಳು ಕೂಗಿ ಕೂಗಿ ಓದಿದಳು. ಹಾದಿಹೋಕರೊಬ್ಬರು ನಿಂತು, ನವಿ ಮುಂಬಯಿಗೆ ಯಾವ ಬಸ್ಸು ಎಂದು ಅವಳನ್ನೇ ವಿಚಾರಿಸಿದರು. ಅದರೊಂದಿಗೆ ಮಾವ ಮಾಲನ್ನು ಪಾಸು ಮಾಡಿದರು.

ಬಣ್ಣದಲ್ಲಿ ಮಾತ್ರ ಜಗಳವಾಯಿತು. ಮಗಳಿಗೆ ಮಿರಿಮಿರಿ ಹೊಳೆಯುವ ನೇರಳೆ ಗಾಜು ಬೇಕು. ಮಾವ, ಇದು ನೋಡಾಕ ತಗೊಳ್ಳೋದು, ತೋರಸಾಕಲ್ಲ ಎಂದು ಹಟ ಹಿಡಿದರು. ಕೊನೆಗೆ ಬಿಳಿ ಗಾಜು, ನೇರಳೆ ಪಟ್ಟಿ ಎಂದು ರಾಜಿಯಾಯಿತು.

ಇಷ್ಟೆಲ್ಲ ಆಗಿ ಮೂವರೂ ಈಜುಕೊಳಕ್ಕೆ ಹೋದರೆ, ಹುಡುಗಿ ಮೆಟ್ಟಿಲ ಮೇಲೆ ಕೂತು ಅಲುಗಲೇ ಇಲ್ಲ. ಗಾಗಲ್ಸ್ ಮುಷ್ಟಿಯಲ್ಲೇ ಇತ್ತು. ಮತ್ತೆ ಎಲ್ಲರೂ ನಗುತ್ತಾರೆ ಎಂದಷ್ಟೇ ಹೇಳಿದಳು. ಕೋಚು ಕರೆದರು, ನಾನು ಬೇಡಿಕೊಂಡೆ. ಕಾಣದ ನೀರಿನಲ್ಲಿ ಅಷ್ಟು ದಿನ ತಡಕಾಡಿದವಳಿಗೆ ಒಂದೇ ದಿನದಲ್ಲಿ ನಂಬಿಕೆ ಎಲ್ಲಿಂದ ಬರಬೇಕು?

ಅಷ್ಟರಲ್ಲಿ ಮಾವ ಪುರುಷರು ಬಟ್ಟೆ ಬದಲಿಸುವ ಕೋಣೆಯಿಂದ ಹೊರಬಂದರು. ಮೊಣಕಾಲ ತನಕ ಚಡ್ಡಿ, ತಲೆಗೆ ಬಿಗಿಯಾದ ರಬ್ಬರ್ ಟೋಪಿ! ಕೋಚು ಕೂಡ ಸೀಟಿ ಊದುವುದನ್ನು ಮರೆತರು. ಮಕ್ಕಳು ನಕ್ಕರು, ಈ ಸಲ ಅವಳನ್ನು ನೋಡಿ ಅಲ್ಲ. ಮಾವ ಯಾರನ್ನೂ ಲೆಕ್ಕಿಸದೆ ಕಂಬಿ ಹಿಡಿದು, ನೀರು ಆಳವಿಲ್ಲದ ಕಡೆ ಇಳಿದು, ಸೊಂಟಮಟ್ಟದ ನೀರಿನಲ್ಲಿ ನಿಂತರು.

“ನಾ ನೀರಾಗ ಬೆರಳು ತೋರಸ್ತೀನಿ. ನೀ ಮುಳುಗಿ ಎಣಸು. ತಪಾಸಣಿ ಮುಗೀಬೇಕಲಾ.”

ಅಜ್ಜನ ಕೆಲಸ ಅರ್ಧಕ್ಕೆ ನಿಲ್ಲುವುದು ಅವಳಿಗೂ ಸರಿಬರಲಿಲ್ಲವೇನೋ, ಇಳಿದಳು. ಮುಳುಗಿ ಎದ್ದು, “ತೀನ್,” ಎಂದಳು. ಸರಿ. ಮತ್ತೆ ಮುಳುಗಿ, “ಏಕ್,” ಎಂದಳು. ಅದೂ ಸರಿ. ಮುಂದಿನ ಸಲ ಬಹಳ ಹೊತ್ತು ಒಳಗಿದ್ದಳು. ಎದ್ದವಳು ಎಣಿಕೆ ಹೇಳದೆ ನಾನು ಕೂತಿದ್ದ ಅಂಚಿಗೆ ಬಂದಳು. ಕಾಣಿಸಲಿಲ್ಲವೇನೋ ಎಂದುಕೊಂಡು ಅವಳತ್ತ ಬಗ್ಗಿದೆ.

“ಅಮ್ಮಾ, ಅಜ್ಜ ಕೇ ಪೈರ್ ಕಾಂಪ್ ರಹೇ ಹೈಂ,” ಎಂದು ಪಿಸುಗುಟ್ಟಿದಳು.

ಕಾಲು ನಡುಗುತ್ತಿವೆಯೇ? ನಾನು ನೋಡಿದೆ. ನೀರಿನ ಮೇಲೆ ಮಾವನ ಮುಖ ಎಂದಿನಂತೆ ಗಂಭೀರವಾಗಿತ್ತು. ಒಂದು ಕೈ ಮಾತ್ರ ಕಂಬಿಯನ್ನು ಬಿಟ್ಟಿರಲಿಲ್ಲ. ಆಮೇಲೆ ನಮ್ಮವರು ಹೇಳಿದರು, ಮಾವನಿಗೆ ಹುಡುಗತನದಿಂದಲೂ ನೀರೆಂದರೆ ಆಗದಂತೆ. ಸಮುದ್ರಕ್ಕೆ ಹೋದರೂ ಎಲ್ಲರ ಚಪ್ಪಲಿ ಕಾಯುತ್ತಾ ಮರಳಿನಲ್ಲೇ ಕೂರುವವರಂತೆ.

ಮಗಳು ಅವರ ಹತ್ತಿರ ಹೋದಳು. ಕಾಲಿನ ಸುದ್ದಿ ಎತ್ತಲಿಲ್ಲ.

“ನಾಲ್ಕು ಬೆರಳು, ಅಜ್ಜಾ,” ಎಂದು ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು. “ಎಲ್ಲಾ ಚೆನ್ನಾಗಿ ಕಾಣ್ತದೆ. ನಂಗೆ ಚಳಿ ಆಗ್ತಾ ಇದೆ, ಹೊರಗೆ ಹೋಗೋಣ.”

ಹೇಳಿ, ಅವರ ಕೈ ಹಿಡಿದು, ಮೆಲ್ಲಗೆ ಮೆಟ್ಟಿಲ ತನಕ ನಡೆಸಿಕೊಂಡು ಬಂದಳು. ಮಾವ ತಮ್ಮ ಒಣ ಟವೆಲನ್ನು ಅವಳಿಗೆ ಬಿಗಿಯಾಗಿ ಸುತ್ತಿ, ಚಳಿ ಹೋಯಿತೇ ಎಂದು ಮತ್ತೆ ಮತ್ತೆ ವಿಚಾರಿಸಿದರು. ಠಾಣೆಯ ಮೇ ತಿಂಗಳ ಧಗೆಯಲ್ಲಿ ಅವಳು ಹಣೆಯಿಂದ ಬೆವರಿಳಿಸುತ್ತಾ, ಇನ್ನೂ ಸ್ವಲ್ಪ ಇದೆ ಎನ್ನುತ್ತಾ, ಅವರಿಗೆ ಒತ್ತಿಕೊಂಡು ಕೂತಿದ್ದಳು.