ಗುರುವಾರದ ಮೊದಲ ಪೇಷಂಟ್

ಡಾಕ್ಟರು ಬರುವುದಿಲ್ಲ ಎಂದು ವರ್ಷಗಟ್ಟಲೆ ಗೊಣಗಿದವರೇ, ಡಾಕ್ಟರು ಬಂದರು ಎಂದ ಕೂಡಲೇ ಎದ್ದು ಅಡಗಿಕೊಳ್ಳುವುದನ್ನು ನೀವು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ. ಬೀದರಿನ ಚಿದ್ರಿಯ ಒಂದು ವೃದ್ಧಾಶ್ರಮದಲ್ಲಿ ನಾನು ನರ್ಸು. ಸಾವು ಆಗಾಗ ಬಂದು ಹೋಗುವ ಜಾಗ ಅದು. ಅಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಗಬೇಕೋ ಹೆದರಬೇಕೋ ಎಂದು ನಾನು ಯೋಚಿಸುವಷ್ಟರಲ್ಲಿ ಗುಳಿಗೆ ಕೊಡುವ ಹೊತ್ತಾಗಿರುತ್ತದೆ.

೧. ನೂರು ವರ್ಷದ ಹರಕೆ

ಮೊದಲು ಯಾರಿಗೆ ಏನಾದರೂ ಆಟೋದಲ್ಲಿ ಹಾಕಿಕೊಂಡು ದೊಡ್ಡ ದವಾಖಾನೆಗೆ ಒಯ್ಯುತ್ತಿದ್ದೆ. ಅಲ್ಲಿ ಪಾಳಿ ಬರುವಷ್ಟರಲ್ಲಿ ಎಷ್ಟೋ ಸಲ ಜ್ವರ ತಾನೇ ಬೇಸತ್ತು ಇಳಿದಿರುತ್ತಿತ್ತು. ಆಮೇಲೆ ನಮ್ಮ ಪುಣ್ಯಕ್ಕೆ ಒಬ್ಬ ಯುವ ಡಾಕ್ಟರು ಪ್ರತಿ ಗುರುವಾರ ತಾವೇ ಬರಲು ಒಪ್ಪಿದರು. ಬಹಳ ಮೃದು ಮನುಷ್ಯ. ಮಂಚದ ಮೇಲೆ ಕುಳಿತು, ಕೈ ಹಿಡಿದು ಮಾತಾಡಿಸುತ್ತಿದ್ದರು.

ಮೊದಲ ಗುರುವಾರ ಮೊದಲು ನೋಡಿದ್ದು ಔರಾದ ಕಡೆಯ ಅಜ್ಜನನ್ನು. ಠಾಣಾ ಕುಶನೂರಿನಲ್ಲಿ ತೊಗರಿ ಬೆಳೆದು ಮುದುಕನಾದವರು, ಸದಾ ಕೆಮ್ಮು. "ಕೆಮ್ಮೊಂದ ಬಿಟ್ಟರ ತಬಿಯತ್ ಚೊಲೋ ಅದ ಅಜ್ಜಾರ. ನೂರ ವರ್ಷ ಬಾಳ್ತೀರಿ," ಎಂದರು ಡಾಕ್ಟರು. ಮರುದಿನ ಬೆಳಿಗ್ಗೆ ಚಹಾ ಕೊಡಲು ಹೋದರೆ ಅಜ್ಜ ಇರಲಿಲ್ಲ, ದೇಹವಷ್ಟೇ ಇತ್ತು.

ಮುಂದಿನ ಗುರುವಾರ ಮೊದಲು ನೋಡಿದ್ದು ಒಬ್ಬ ಅಜ್ಜಿಯನ್ನು. "ಚೊಲೋ ಅದೀರಿ." ಶುಕ್ರವಾರ ಅವರೂ ಹೋದರು. ಇಬ್ಬರಿಗೂ ಬಹಳ ವಯಸ್ಸಾಗಿತ್ತು, ಹೃದಯ ಸೋತಿತ್ತು. ನನಗೆ ಗೊತ್ತು. ಆದರೆ ನಮ್ಮವರಿಗೆ ಗೊತ್ತಿದ್ದದ್ದೇ ಬೇರೆ.

ಮೂರನೇ ಗುರುವಾರ ಡಾಕ್ಟರು ಮೊದಲ ಮಂಚದ ಮೇಲೆ ಕುಳಿತು "ಎಲ್ಲಾ ಚೊಲೋ..." ಎನ್ನುವಷ್ಟರಲ್ಲಿ ಆ ಮುದುಕಪ್ಪ ಅವರ ಎರಡೂ ಕೈ ಹಿಡಿದುಕೊಂಡ.

"ಸಾಹೇಬ್ರ, ನಿಮ್ಮ ಕಾಲಿಗಿ ಬೀಳ್ತೀನ್ರಿ. ಏನರೆ ಒಂದ್ ಬೇಮಾರಿ ಅದ ಅನ್ರಿ!"

೨. ಚಹಾ ಆರುವ ಮೊದಲೇ

ಆ ಮುದುಕಪ್ಪ ಅವತ್ತು ತಪಾಸಣೆಯನ್ನೇ ಮಾಡಗೊಡಲಿಲ್ಲ, ಉಳಿದ. ನಾಲ್ಕನೇ ಗುರುವಾರ ಡಾಕ್ಟರನ್ನು ಕರೆದುಕೊಂಡು ಹಾಲ್‌ಗೆ ಬಂದೆ. ಒಂದು ನರಪಿಳ್ಳೆ ಇಲ್ಲ. ಲೋಟಗಳಲ್ಲಿ ಚಹಾ ಇನ್ನೂ ಹೊಗೆಯಾಡುತ್ತಿತ್ತು. ಒಂದು ಮೂಲೆಯಲ್ಲಿ ಊರುಗೋಲು ಮಾತ್ರ ಗೋಡೆಗೆ ಒರಗಿ ನಿಂತಿತ್ತು, ಅದರ ಯಜಮಾನ ಇಲ್ಲ. ಹಾಡುಹಗಲಲ್ಲಿ ಅಷ್ಟೊಂದು ಖಾಲಿ ಮಂಚ ನೋಡಿ, ಎಲ್ಲರೂ ಒಟ್ಟಿಗೇ ಹೋಗಿಬಿಟ್ಟರೇನೋ ಅನ್ನಿಸಿತು.

ಕೊನೆಯ ಮಂಚದಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಚಾದರ ಹೊದ್ದು ಯಾರೋ ಮಲಗಿದ್ದರು. ಅಲುಗಾಟವಿಲ್ಲ. ಡಾಕ್ಟರ ಮುಖ ಬಿಳಿಚಿತು. ಮೆಲ್ಲಗೆ ಚಾದರದ ಅಂಚು ಹಿಡಿದರು. ಒಳಗಿನಿಂದ ದನಿ ಬಂತು.

"ನಾ ಆಗಲೇ ಹೋಗೀನ್ರಿ. ಮುಂದಿನವ್ರಿಗೆ ನೋಡ್ರಿ."

೩. ಅಕ್ಕೋರ ತರ್ಕ

ಇಲ್ಲಿಯವರೆಗೆ ನಾನೂ ನಗುತ್ತಿದ್ದೆ. ನಗು ನಿಂತದ್ದು ಅಕ್ಕೋರ ಕಾಲಿನಿಂದ. ಭಾಲ್ಕಿಯಲ್ಲಿ ಸಾಲಿ ಕಲಿಸಿ ನಿವೃತ್ತರಾದವರು, ಹೀಗಾಗಿ ಆಶ್ರಮಕ್ಕೆಲ್ಲ ಅವರು ಅಕ್ಕೋರೇ. ಸಕ್ಕರೆ ಕಾಯಿಲೆ. ಹೆಬ್ಬೆರಳಿಗೆ ಆದ ಸಣ್ಣ ಗಾಯದ ಅಂಚು ಕಪ್ಪಾಗತೊಡಗಿತ್ತು. ಪಟ್ಟಿ ಬಿಚ್ಚಿದರೆ ವಾಸನೆ ಬೇರೆಯೇ ಬರುತ್ತಿತ್ತು. ನನಗೆ ನಿಜಕ್ಕೂ ಭಯವಾಯಿತು.

"ಅಕ್ಕೋರೇ, ಡಾಕ್ಟರಿಗೆ ತೋರಸ್ರಿ. ಇಲ್ಲಾಂದ್ರ ಕಾಲ ಕಡೀಬೇಕಾಗ್ತದ."

"ಕಡದರ ಕಾಲೊಂದೇ ಹೋಗ್ತದವ್ವಾ. ನಿನ್ನ ಡಾಕ್ಟರ್ ಬಂದ್ ಕುಂತರ ಪೂರಾ ನಾನೇ ಹೋಗ್ತೀನಿ."

"ದವಾಖಾನಿಗೆ ಒಯ್ತೀನಿ, ನಡೀರಿ."

"ಅಲ್ಲಿ ಅವರಣ್ಣ ಇರ್ತಾನ."

ಬೈದೆ, ಅತ್ತೆ, ಅನ್ನ ಬಿಡುತ್ತೇನೆ ಎಂದೆ. ಜಗ್ಗಲಿಲ್ಲ. ಆದರೆ ಮಕ್ಕಳಿಗೆ ಕಲಿಸಿದ ತಲೆ, ಸುಮ್ಮನಿರುವುದಲ್ಲ. ಸಂಜೆ ನನ್ನನ್ನು ಕರೆದರು.

"ಹೋಗೋದು ಮೊದಲ್ನೇದವ್ರು ಅಷ್ಟೇ, ಹೌದಿಲ್ಲ? ಎರಡನೇದವ್ರಿಗೆ ಏನೂ ಆಗಿಲ್ಲ."

"ಹೌದ್ರಿ. ಆದ್ರ ಮೊದಲ್ನೇದವ್ರು ಯಾರ್ ಆಗ್ತಾರ?"

ಅಕ್ಕೋರು ಎದುರಿನ ಖಾಲಿ ಮಂಚ ತೋರಿಸಿದರು. ಔರಾದ ಅಜ್ಜನದು.

"ಅವರಿಗೇ ಮೊದಲ್ ನೋಡ್ಲಿ. ಅವರು ಇನ್ನೆಷ್ಟ್ ಸಲ ಸಾಯ್ತಾರ?"

೪. ಉಸಿರು ತಗೋರಿ

ಡಾಕ್ಟರಿಗೆ ಫೋನಿನಲ್ಲಿ ಹೇಳಿದೆ. ಮೊದಲು ನಕ್ಕರು. ಗಾಯದ ಬಣ್ಣ ಹೇಳಿದೆ. ನಗು ನಿಂತಿತು. ಗುರುವಾರಕ್ಕೆ ಕಾಯದೆ ಮರುದಿನವೇ ಬಂದರು.

ಅಜ್ಜನ ಮಂಚಕ್ಕೆ ಅಕ್ಕೋರು ತೊಳೆದ ಚಾದರ ಹಾಸಿಸಿದ್ದರು, ಪಕ್ಕದಲ್ಲಿ ಒಂದು ತಂಬಿಗೆ ನೀರು. ಅಡಗುತ್ತಿದ್ದವರೆಲ್ಲ ಅವತ್ತು ಸಾಲಾಗಿ ನಿಂತಿದ್ದರು. ಡಾಕ್ಟರು ಕುಳಿತರು, ಗಂಟಲು ಸರಿ ಮಾಡಿಕೊಂಡರು.

"ಹ್ಯಾಂಗ ಅದೀರಿ ಅಜ್ಜಾರ?"

ಯಾರೂ ಕೆಮ್ಮಲಿಲ್ಲ. ಸ್ಟೆತಾಸ್ಕೋಪನ್ನು ಚಾದರದ ಮೇಲೆ, ಎದೆ ಇರಬೇಕಾದ ಜಾಗಕ್ಕೆ ಇಟ್ಟರು. "ಜೋರ್ ಉಸಿರ್ ತಗೋರಿ." ಆ ಕ್ಷಣಕ್ಕೇ ಕರೆಂಟ್ ಹೋಗಿ ಫ್ಯಾನ್ ನಿಂತಿತು. ನಾನು ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೂ ಮಂಚದಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಡಾಕ್ಟರು ಸ್ಟೆತಾಸ್ಕೋಪ್ ತೆಗೆಯಲಿಲ್ಲ. ಹುಬ್ಬು ಗಂಟಿಕ್ಕಿ, ಸ್ವಲ್ಪ ಸರಿಸಿ ಮತ್ತೆ ಇಟ್ಟು ಕೇಳಿದರು. ನಾಟಕಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತಾಯಿತು.

"ಎದಿಯಾಗ ಕಫ ಅದ, ಸಿಸ್ಟರ್," ಎಂದರು ಕೊನೆಗೆ. "ಒಂದ್ ಸಿರಪ್ ಚಾಲೂ ಮಾಡ್ರಿ."

ಸಾಲಿನಿಂದ ಯಾರೋ ನಿಟ್ಟುಸಿರು ಬಿಟ್ಟರು. "ಪಾಪ, ಹೋದಮ್ಯಾಲೂ ಬಿಟ್ಟಿಲ್ಲ ನೋಡ್ರಿ ಕೆಮ್ಮು."

೫. ಔಷಧದ ಗುಣ

ಎರಡನೆಯವರಾಗಿ ಅಕ್ಕೋರು ಕಾಲು ಚಾಚಿದರು. ಪಟ್ಟಿ ಬಿಚ್ಚಿದ ಡಾಕ್ಟರು ಕೂಡಲೇ ಅವರನ್ನು ತಮ್ಮ ಕಾರಿಗೇ ಹತ್ತಿಸಿಕೊಂಡು ಹೋದರು. ಹೆಬ್ಬೆರಳು ಹೋಯಿತು, ಕಾಲು ಉಳಿಯಿತು. ಇನ್ನೂ ಸ್ವಲ್ಪ ತಡವಾಗಿದ್ದರೆ ಜೀವವೂ ಕಷ್ಟವಿತ್ತು ಎಂದು ಆಮೇಲೆ ಹೇಳಿದರು. ನಾನು ಬಚ್ಚಲಿಗೆ ಹೋಗಿ ನಳ ಬಿಟ್ಟುಕೊಂಡು ಅತ್ತೆ.

ಅಕ್ಕೋರು ವಾಪಸು ಬಂದ ಮೊದಲ ಗುರುವಾರ. ಎಲ್ಲರೂ ತೋಳು ಏರಿಸಿಕೊಂಡು ಬಿ.ಪಿ. ನೋಡಿಸಲು ತಯಾರಾಗಿ ಕುಳಿತಿದ್ದರು, ಯಾರಿಗೂ ಅಂಜಿಕೆ ಇಲ್ಲ. ಪದ್ಧತಿಯಂತೆ ಡಾಕ್ಟರು ಮೊದಲು ಅಜ್ಜನ ಮಂಚದ ಮೇಲೆ ಕುಳಿತರು. ಅವರು ಬಾಯಿ ತೆರೆಯುವ ಮೊದಲೇ ಎದುರಿನಿಂದ ಅಕ್ಕೋರು ಹೇಳಿದರು.

"ಸಾಹೇಬ್ರ, ನಿಮ್ಮ ಔಷಧ ಅವರಿಗಿ ಹತ್ತೇದ್ರಿ. ನಾ ಬಂದಾಗಿಂದ ಒಂದಿನಾನೂ ಕೆಮ್ಮಿಲ್ಲ."

ಯಾರೂ ನಗಲಿಲ್ಲ. ಅಕ್ಕೋರಂತೂ ನಗುವ ಜಾತಿಯವರೇ ಅಲ್ಲ. ಡಾಕ್ಟರು ನನ್ನತ್ತ ನೋಡಿದರು. ನಾನು ಸಿರಪ್ ತಂದೇ ಇರಲಿಲ್ಲ, ಇಲ್ಲವೆಂದು ತಲೆಯಾಡಿಸಿದೆ. ಅವರು ಕುಳಿತಲ್ಲಿಂದ ನಿಧಾನವಾಗಿ ಎದ್ದು, ಚಾದರದ ಸುಕ್ಕನ್ನು ಬಹಳ ಮರ್ಯಾದೆಯಿಂದ ಸರಿಪಡಿಸಿ, ನನ್ನ ಕಿವಿಯ ಹತ್ತಿರ ಬಂದರು.

"ಸಿಸ್ಟರ್, ಇವತ್ತರೆ ತರಸ್ರಿ. ಔಷಧ ಇಲ್ದಿದ್ರ ಕೆಮ್ಮು ಮತ್ತ ಚಾಲೂ ಆಗ್ತದ."